ನನ್ನ ಅಕ್ಕನ ಮಗಳಿಗೆ ಸೊಂಟವಿದೆ: ದೇಹಾಭಿಮಾನ ವೃದ್ಧಿ ಘಟಕದ ಮುಖ್ಯಸ್ಥರಿಗೆ

ಮಾನ್ಯರೇ,

ನನ್ನ ಅಕ್ಕನ ಮಗಳಿಗೆ ಸೊಂಟವಿದೆ. ಹುಟ್ಟಿದಾಗಿನಿಂದಲೂ ಇದೆ. ಸಾಮಾನ್ಯವಾಗಿ ಎಲ್ಲರಿಗೂ ಇರುವ ಜಾಗದಲ್ಲೇ ಇದೆ. ಇಂಥದ್ದನ್ನು ಬಹಿರಂಗ ಪತ್ರದಲ್ಲಿ ಬರೆಯಬೇಕಾಗಿ ಬಂತಲ್ಲ ಎಂದು ನನಗೆ ನಾಚಿಕೆಯಾಗುತ್ತಿದೆ. ಬರೆಸಿದ್ದಕ್ಕೆ ನಿಮಗೆ ಆಗುತ್ತಿದೆಯೋ ಇಲ್ಲವೋ ತಿಳಿಯದು. ಆ ಸೊಂಟ ಇರುವುದಕ್ಕೆ ಪುರಾವೆ ಸಾಲದು ಎಂಬ ಕಾರಣ ಕೊಟ್ಟು, ಅವಳು ಬರೆದ ನಲವತ್ತು ಪುಟದ ನೋಟ್‌ಬುಕ್ಕನ್ನು ನಿಮ್ಮ ಘಟಕ ನಾಲ್ಕು ತಿಂಗಳಿಂದ ಲಕೋಟೆಗೆ ಹಾಕಿ, ಸೀಲ್ ಒತ್ತಿ, ಬೀರುವಿನಲ್ಲಿ ಇಟ್ಟುಕೊಂಡಿದೆ. ಆ ನೋಟ್‌ಬುಕ್ ನನಗೆ ಬೇಕು. ಅದರ ಕೊನೆಯ ಪುಟವನ್ನು ಅವಳು ಬರೆದದ್ದು ನನಗಾಗಿ. ನಾನು ಅದನ್ನು ಇನ್ನೂ ಓದಿಲ್ಲ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಶಾಲೆಯ ಹಿಂದಿನ ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಎರಡು ಹೊಲಿಗೆ ಯಂತ್ರ ಹಾಗೂ ಒಬ್ಬ ಹೆಂಡತಿಯ ಬಲದಿಂದ ಇಪ್ಪತ್ತೇಳು ವರ್ಷಗಳಿಂದ ಸಮವಸ್ತ್ರ ಹೊಲಿಯುತ್ತಿರುವ ಟೈಲರ್ ನಾನು. ಈ ಊರಿನಲ್ಲಿ ಮೂವತ್ತು ದಾಟದ ಯಾವ ದೇಹವೂ ನನ್ನ ಟೇಪಿನಿಂದ ತಪ್ಪಿಸಿಕೊಂಡಿಲ್ಲ. ಬಹುಶಃ ನಿಮ್ಮ ಕಚೇರಿಯ ಕಿರಿಯ ಸಿಬ್ಬಂದಿಯ ಭುಜಗಳೂ ನನಗೆ ಪರಿಚಯವಿರಬಹುದು. ಆದ್ದರಿಂದ ದೇಹದ ವಿಷಯದಲ್ಲಿ ನಿಮ್ಮ ಘಟಕದ ಜೊತೆ ವಾದಕ್ಕೆ ನಿಲ್ಲುವ ಅರ್ಹತೆ ನನಗೆ ಸ್ವಲ್ಪ ಇದೆ ಎಂದುಕೊಂಡಿದ್ದೇನೆ. ಬರವಣಿಗೆಯ ವಿಷಯದಲ್ಲಿ ಮಾತ್ರ ಇಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ನಿಮ್ಮ ಹೊಟ್ಟೆಯ ಅಳತೆಯನ್ನು ನಾನು ಕೇಳುವುದಿಲ್ಲ.

ನಿಮ್ಮ ಸುತ್ತೋಲೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. 'ಸೃಜನಶೀಲ ಬರವಣಿಗೆಯ ಮೂಲಕ ಯುವಜನರಲ್ಲಿ ದೇಹಾಭಿಮಾನ ವೃದ್ಧಿ ಯೋಜನೆ.' ದೇಹಾಭಿಮಾನ ಬಿಡು, ದೇಹಾಭಿಮಾನ ಬಿಡು ಎಂದು ನನ್ನಜ್ಜ ಬದುಕಿದ್ದಷ್ಟು ದಿನವೂ ನಮ್ಮ ತಲೆ ತಿಂದಿದ್ದರು. ಈಗ ಸರ್ಕಾರವೇ ಅದನ್ನು ಬೆಳೆಸಲು ಹೊರಟಿದೆಯಲ್ಲ ಎಂದು ಮೊದಲು ನಕ್ಕಿದ್ದೆ. ಆದರೆ ಒಳಗಿನ ವಿಷಯ ಓದಿದ ಮೇಲೆ ನಗು ನಿಂತಿತು. ಮಕ್ಕಳು ತಮ್ಮ ಮೈ ಬಗ್ಗೆ ಪಡುವ ಸಂಕಟವನ್ನು ಕಥೆ ಮಾಡಿ ಬರೆದರೆ ಆ ಸಂಕಟ ಹಗುರಾಗುತ್ತದೆ ಎಂದು ಅದರಲ್ಲಿ ಬರೆದಿತ್ತು. ಮಾನ್ಯರೇ, ಆ ಮಾತು ನಿಜ. ನನ್ನ ಕಣ್ಣೆದುರೇ ನಿಜವಾಗಿದೆ. ಅದಕ್ಕೇ ನನಗೆ ಇಷ್ಟು ಸಿಟ್ಟು. ಯೋಜನೆ ಕೆಟ್ಟದ್ದಾಗಿದ್ದರೆ ಮನೆಯಲ್ಲೇ ಬೈದುಕೊಂಡು ಸುಮ್ಮನಿರುತ್ತಿದ್ದೆ.

ಒಳ್ಳೆಯ ಯೋಜನೆಯೊಂದನ್ನು ಹೇಗೆ ಜಾರಿಗೆ ತರಬೇಕೆಂದು ನಿಮ್ಮ ಘಟಕದಿಂದಲೇ ಕಲಿಯಬೇಕು. ತೂಕದ ಬಗ್ಗೆ ಮಕ್ಕಳಿಗಿರುವ ಅಳುಕು ಕಡಿಮೆಯಾಗಿದೆಯೇ ಎಂದು ತಿಳಿಯಲು ಬರೆಯುವ ಮುಂಚೆ ಒಮ್ಮೆ, ಬರೆದ ಮೇಲೆ ಒಮ್ಮೆ, ಎಲ್ಲರ ಎದುರು ತಕ್ಕಡಿ ಹತ್ತಿಸಿದಿರಿ. ಗಾಳಿ ಬಂದು ತನ್ನನ್ನು ಎತ್ತಿಕೊಂಡು ಹೋಯಿತು ಎಂದು ಬರೆದ ಸಣಕಲು ಹುಡುಗನಿಗೆ ಆ ದಿನದ ಹಾಜರಿ ಕಡಿತವಾಯಿತು. ತನ್ನ ಮೂಗು ಒಂದು ಬೆಟ್ಟ, ಅದರ ಮೇಲೆ ಜನ ಮನೆ ಕಟ್ಟಿಕೊಂಡಿದ್ದಾರೆ ಎಂದು ಬರೆದವನ ಕಡತ ಭೂಮಾಪನ ಕಚೇರಿಗೆ ಹೋಗಿದೆಯಂತೆ, ಅಲ್ಲಿಂದ ಇನ್ನೂ ಉತ್ತರವಿಲ್ಲ. ಪ್ರಥಮ ಬಹುಮಾನ ಯಾರಿಗೆ ಬಂತು? 'ನನ್ನ ದೇಹ ನನಗೆ ತೃಪ್ತಿ ತಂದಿದೆ' ಎಂಬ ಒಂದೇ ವಾಕ್ಯವನ್ನು, ಎಡಗಡೆ ಅಂಚು ಬಿಟ್ಟು, ಆರುನೂರ ಹನ್ನೆರಡು ಸಲ ಬರೆದ ಹುಡುಗಿಗೆ. ಪಾಪ, ಅವಳ ಕೈ ನೋವಿಗೆ ಮೂರು ದಿನ ಬಿಸಿನೀರಿನ ಶಾಖ ಕೊಟ್ಟರಂತೆ. ಬಹುಮಾನವಾಗಿ ನಿಲುವುಗನ್ನಡಿ ಕೊಟ್ಟಿರಿ. ನಾನೂ ಹೋಗಿ ನೋಡಿಕೊಂಡು ಬಂದೆ. ಮುಖ ಕಾಣಬೇಕಾದ ಜಾಗದಲ್ಲಿ ಸರಿಯಾಗಿ ನಿಮ್ಮ ಘಟಕದ ಮುದ್ರೆ ಇದೆ.

ಇರಲಿ. ನಾನು ನನ್ನ ಅಕ್ಕನ ಮಗಳ ವಿಷಯಕ್ಕೆ ಬರುತ್ತೇನೆ. ಹದಿನೈದು ವರ್ಷ. ಮನೆಯಲ್ಲಿ ಎಲ್ಲರೂ ಅವಳನ್ನು ರೇಡಿಯೋ ಎಂದೇ ಕರೆಯುವುದು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಮಾತಾಡುತ್ತಿದ್ದ ಹುಡುಗಿ ಅವಳು. ಶಾಲೆ ಬಿಟ್ಟ ಮೇಲೆ ಅಕ್ಕ ಕೆಲಸದಿಂದ ಬರುವವರೆಗೆ ನನ್ನ ಅಂಗಡಿಯಲ್ಲಿ ಬಟ್ಟೆಯ ಥಾನಿನ ಮೇಲೆ ಕೂತು ಊರಿನ ವಾರ್ತೆಯೆಲ್ಲ ಓದುತ್ತಿದ್ದಳು. ಆ ರೇಡಿಯೋ ಕಳೆದ ವರ್ಷ ಶಾಲೆ ಶುರುವಾದ ವಾರದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಯಿತು. ಮರುದಿನದಿಂದ ಕಂದು ಬಣ್ಣದ ಸ್ವೆಟರ್ ಹಾಕಿಕೊಂಡು ಶಾಲೆಗೆ ಹೊರಟಳು. ಬೇಸಿಗೆ ಬಂತು, ನಾವೆಲ್ಲ ಬನಿಯನ್‌ನಲ್ಲೂ ಬೆವರುತ್ತಿದ್ದೆವು, ಅವಳು ಸ್ವೆಟರ್ ತೆಗೆಯಲಿಲ್ಲ. ಅಂಗಡಿಗೆ ಬಂದರೂ ಥಾನಿನ ಹಿಂದೆ ಕೂರುತ್ತಿದ್ದಳು. ಯಾಕೆ ಎಂದು ಅಕ್ಕ ಕೇಳಿದರೆ, "ಚಳಿ" ಎನ್ನುತ್ತಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ಕಾರಣ ನನಗೆ ಗೊತ್ತಿತ್ತು.

ನಿಮ್ಮ ಸುತ್ತೋಲೆ ಬಂದ ಮೇಲೆ ಅವಳ ಭಾಷಾ ಮೇಡಂ ಒಂದು ನೋಟ್‌ಬುಕ್ ಕೊಟ್ಟು, "ನಿಂಗೆ ಏನ್ ಬೇಕೋ ಬರಿ, ನಾನು ತಿದ್ದಲ್ಲ" ಎಂದರಂತೆ. ಮೊದಲ ವಾರ ಏನೂ ಬರೆಯಲಿಲ್ಲ. ಎರಡನೆಯ ವಾರ ಅಂಗಡಿಯಲ್ಲಿ ಕೂತು ಬರೆಯುತ್ತಾ ಬರೆಯುತ್ತಾ ಒಬ್ಬಳೇ ಕಿಸಕ್ಕನೆ ನಕ್ಕಳು. ನಾನು ಯಂತ್ರ ನಿಲ್ಲಿಸಿದೆ.

"ಏನೇ ಅದು?"

"ಸೊಂಟ ಓಡಿಹೋಯ್ತು ಮಾವ."

"ಯಾರದ್ದು?"

"ಕಥೇಲಿ ಒಬ್ಬಳು ಹುಡುಗಿ ಇದ್ದಾಳೆ, ಅವಳದ್ದು. ತನ್ನ ನಂಬರನ್ನ ಎರಡೆರಡು ಸಲ ಕೂಗಿದ್ದು ಕೇಳಿ ಬೇಜಾರಾಗಿ, ಬೆಲ್ಟ್ ಸಮೇತ ಬಸ್ ಹತ್ತಿಬಿಡ್ತು. ಈಗ ಕಂಡಕ್ಟರ್‌ಗೆ ತಲೆಬಿಸಿ, ಸೊಂಟಕ್ಕೆ ಪೂರ್ತಿ ಟಿಕೆಟ್ಟೋ ಅರ್ಧ ಟಿಕೆಟ್ಟೋ ಅಂತ."

ಅಂದಿನಿಂದ ದಿನಕ್ಕೊಂದು ಕಂತು. ಓಡಿಹೋದ ಸೊಂಟ ಯಾವುದೋ ಊರಿನ ಮೈದಾನದಲ್ಲಿ ಮಲಗಿದ್ದಾಗ ಸಣ್ಣ ಮಕ್ಕಳು ಅದನ್ನು ಚಕ್ರವೆಂದುಕೊಂಡು ಕೋಲು ಹಿಡಿದು ಓಡಿಸಿದರು. ಸೊಂಟಕ್ಕೆ ಜೀವಮಾನದಲ್ಲಿ ಅಷ್ಟು ಖುಷಿ ಎಂದೂ ಆಗಿರಲಿಲ್ಲ. ಇತ್ತ ಸೊಂಟವಿಲ್ಲದ ಹುಡುಗಿಯ ಮೇಲರ್ಧ ತರಗತಿಯಲ್ಲಿ ಪಾಠ ಕೇಳುತ್ತಿದ್ದರೆ ಕೆಳಗರ್ಧ ಆಟಕ್ಕೆ ಹೋಗಿಬಿಡುತ್ತಿತ್ತು. ಹೀಗೆ ಹೇಳುತ್ತಾ ಹೇಳುತ್ತಾ ಅವಳಿಗೂ ನನಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ನನ್ನ ಹೆಂಡತಿ ಶರ್ಟಿಗೆ ಗುಂಡಿ ಹಾಕುತ್ತಿದ್ದವಳು ಒಂದನ್ನು ತನ್ನ ಸೆರಗಿಗೇ ಹೊಲಿದುಕೊಂಡಳು. ಮೂವತ್ತನೆಯ ಪುಟದ ಹೊತ್ತಿಗೆ ರೇಡಿಯೋ, "ಥೂ, ಎಷ್ಟು ಸೆಕೆ" ಎನ್ನುತ್ತಾ ಸ್ವೆಟರ್ ತೆಗೆದು ಥಾನಿನ ಮೇಲೆ ಎಸೆದಳು. ಎಸೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ನಾನೂ ನನ್ನ ಹೆಂಡತಿಯೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಮಾನ್ಯರೇ, ನಿಮ್ಮ ಯೋಜನೆ ಗೆದ್ದದ್ದು ಆ ದಿನ, ಆ ಅಂಗಡಿಯಲ್ಲಿ. ಆಗ ಅಲ್ಲಿ ತಕ್ಕಡಿ ಇರಲಿಲ್ಲ.

ಸೊಂಟ ಕೊನೆಗೆ ಮನೆಗೆ ಬಂತೇ ಎಂದು ಎಷ್ಟು ಕೇಳಿದರೂ ಅವಳು ಹೇಳಲಿಲ್ಲ. "ಕೊನೇ ಪುಟ ನಿಂಗೇ ಬರೆದಿರೋದು. ಮೇಡಂ ಹತ್ರದಿಂದ ವಾಪಸ್ ಬಂದ್ಮೇಲೆ ನೀನೇ ಓದ್ಕೋ. ನಾನು ಎದುರಿಗೆ ಇರಲ್ಲ" ಎಂದಳು. ಅಂದೇ ಕಡೆಯ ದಿನವಾಗಿದ್ದರಿಂದ ನೋಟ್‌ಬುಕ್ ನೇರ ನಿಮ್ಮ ಘಟಕಕ್ಕೆ ಹೋಯಿತು.

ಮೂರು ವಾರಕ್ಕೆ ನಿಮ್ಮ ಪತ್ರ ಬಂತು. ಮುಖ್ಯೋಪಾಧ್ಯಾಯರು, ಪಾಪ, ಸರ್ಕಾರಿ ಪತ್ರವೆಂದ ಮೇಲೆ ಬಹುಮಾನವೇ ಇರಬೇಕೆಂದುಕೊಂಡು, ಮೊದಲೇ ಓದಿ ನೋಡದೆ ಪ್ರಾರ್ಥನೆಯ ಹೊತ್ತಿನಲ್ಲಿ ಮೈಕ್ ಮುಂದೆಯೇ ಒಡೆದು ಓದಿದರು. "ವಿಷಯ: ಸದರಿ ವಿದ್ಯಾರ್ಥಿನಿಯ ಸೊಂಟ ಕಾಣೆಯಾಗಿರುವ ಬಗ್ಗೆ." ಮುಂದಿನ ಸಾಲು ಓದುವಷ್ಟರಲ್ಲಿ ಎಂಟುನೂರು ಮಕ್ಕಳು ನಗುತ್ತಿದ್ದರು. ಆದರೂ ಶಿಸ್ತಿನ ಮನುಷ್ಯ, ಅರ್ಧಕ್ಕೆ ನಿಲ್ಲಿಸದೆ ಕೊನೆಯ ಸಾಲಿನವರೆಗೂ ಓದಿದರು. ವಿದ್ಯಾರ್ಥಿನಿಯು ತನ್ನ ಸೊಂಟ ಮನೆ ಬಿಟ್ಟು ಹೋಗಿದೆ ಎಂದು ಸ್ವಹಸ್ತದಿಂದ ಬರೆದುಕೊಟ್ಟಿರುವುದರಿಂದ, ಇಲ್ಲದ ಅಂಗದ ಮೇಲೆ ಅಭಿಮಾನ ವೃದ್ಧಿಸಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ, ಸೊಂಟ ಇರುವಿಕೆಯ ದೃಢೀಕರಣ ಪತ್ರ ಸಲ್ಲಿಸುವವರೆಗೆ ನೋಟ್‌ಬುಕ್ ತಡೆಹಿಡಿಯಲಾಗಿದೆ. ಅಂದು ಸಂಜೆ ರೇಡಿಯೋ ಅಂಗಡಿಗೆ ಬಂದಾಗ ಮೈಮೇಲೆ ಸ್ವೆಟರ್ ಇತ್ತು. ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದಳು.

"ಇನ್ನೊಂದ್ಸಲ ಬರಿಯೇ, ಹೇಗೂ ಕಥೆ ನೆನಪಿದೆಯಲ್ಲ" ಎಂದೆ.

"ಬೇಡ" ಎಂದಳು. ಆ ವಾರದಲ್ಲಿ ಅವಳು ಆಡಿದ ಮಾತು ಅದೊಂದೇ.

ನಾನು ನಿಮ್ಮ ಕಚೇರಿಗೆ ಬಂದೆ. ನಿಮ್ಮನ್ನು ಕಾಣಲಾಗಲಿಲ್ಲ, ನೀವು ಆತ್ಮವಿಶ್ವಾಸದ ಕುರಿತ ಸಭೆಯಲ್ಲಿದ್ದೀರಿ, ಯಾರನ್ನೂ ಭೇಟಿಯಾಗಲು ಹಿಂಜರಿಯುತ್ತಿದ್ದೀರಿ ಎಂದರು. ಗುಮಾಸ್ತರೊಬ್ಬರು ಸಿಕ್ಕರು. ದೊಡ್ಡ ಮೈಯ ಮನುಷ್ಯ. ನೀವು ಕೊಟ್ಟಿರುವ ಕೈಯಿರುವ ಕುರ್ಚಿಯೊಳಗೆ ನೇರ ಕೂರಲಾಗದೆ, ಓರೆಯಾಗಿ, ಅರ್ಧ ಮೈ ಹೊರಗಿಟ್ಟುಕೊಂಡು ಕೂತಿದ್ದರು. ಅವರ ಹಿಂದಿನ ಗೋಡೆಯಲ್ಲಿ 'ನೀವು ಇರುವಂತೆಯೇ ಸರಿ' ಎಂಬ ಫಲಕವಿತ್ತು.

"ಸೊಂಟ ಸಿಕ್ತಾ?" ಎಂದು ಕೇಳಿದರು.

"ಅದು ಎಲ್ಲೂ ಹೋಗಿರಲಿಲ್ಲ ಸಾರ್. ಅದು ಕಥೆ."

"ಹೋಗಿರಲಿಲ್ಲ ಅಂದ್ರೆ ನಡಿಯಲ್ಲ. ಫೈಲಲ್ಲಿ ಹೋಗಿದೆ. ಫೈಲಲ್ಲಿ ಹೋದ್ಮೇಲೆ ಫೈಲಲ್ಲೇ ವಾಪಸ್ ಬರಬೇಕು."

"ನೋಟ್‌ಬುಕ್ಕಿನ ಕೊನೇ ಪುಟ ಓದಿದ್ರೆ ಬಂತೋ ಇಲ್ವೋ ಗೊತ್ತಾಗುತ್ತಲ್ಲ?"

ಗುಮಾಸ್ತರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಸಮಿತಿಯವರು ಮೊದಲ ಪುಟ ಮಾತ್ರ ಓದೋದು. ಪೂರ್ತಿ ಓದಿದೋನು ನಾನೊಬ್ಬನೇ. ಎರಡು ಸಲ ಓದಿದೆ. ಆಮೇಲೆ ಸೀಲ್ ಆಯ್ತು." ನನ್ನ ಕತ್ತಿನಲ್ಲಿದ್ದ ಟೇಪು ನೋಡಿ ಕೇಳಿದರು, "ಆ ಮಾವ ಅಂದ್ರೆ ನೀವೇನಾ?"

"ಹೌದು. ಏನ್ ಬರೆದಿದ್ದಾಳೆ ಸಾರ್?"

"ನಾನು ಹೇಳಬಾರದು. ನೀವೇ ಓದಬೇಕು" ಎಂದವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ಇನ್ನೂ ಮೆಲ್ಲಗೆ, "ನನ್ ಅಳತೆಗೆ ಒಂದು ಶರ್ಟ್ ಹೊಲೀತೀರಾ? ನಂಬರ್ ಕೂಗಬೇಡಿ, ಅಷ್ಟೇ" ಎಂದರು.

ಅವರಿಗೂ ಗೊತ್ತಾಗಿದೆ ಎಂದಾಯಿತು. ಹಾಗಾದರೆ ಇನ್ನು ಮುಚ್ಚಿಡುವುದೇನು? ಮಾನ್ಯರೇ, ಊರಿನವರ ಮುಂದೆಯೇ ಹೇಳುತ್ತೇನೆ. ಅವಳ ನಂಬರ್ ಎರಡೆರಡು ಸಲ ಕೂಗಿದವನು ನಾನು.

ನಮ್ಮ ಕೆಲಸದ ಪದ್ಧತಿಯೇ ಹಾಗಿತ್ತು. ಎರಡು ದಿನದಲ್ಲಿ ಎಂಟುನೂರು ಮಕ್ಕಳ ಅಳತೆ ಮುಗಿಸಬೇಕು. ಶಾಲೆಯ ಸಭಾಂಗಣದ ಒಂದು ತುದಿಯಲ್ಲಿ ನಾನು ಟೇಪು ಹಿಡಿದು ನಿಲ್ಲುತ್ತೇನೆ, ಬೆಳಕಿರುವ ಕಿಟಕಿಯ ಹತ್ತಿರ ನನ್ನ ಹೆಂಡತಿ ಪುಸ್ತಕ ತೆರೆದು ಕೂರುತ್ತಾಳೆ. ನಾನು ಅಳತೆ ಕೂಗುತ್ತೇನೆ. ತಪ್ಪಾಗಬಾರದೆಂದು ಅವಳು ಅದನ್ನೇ ತಿರುಗಿ ಕೂಗಿ ಬರೆದುಕೊಳ್ಳುತ್ತಾಳೆ. ಇಪ್ಪತ್ತೇಳು ವರ್ಷದಲ್ಲಿ ಒಂದೇ ಒಂದು ಲಂಗ ಬಿಗಿಯಾಗಿಲ್ಲ, ಒಂದೇ ಒಂದು ಪ್ಯಾಂಟು ಜಾರಿಲ್ಲ ಎಂದು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. ನಡುವೆ ಎಷ್ಟು ಮಕ್ಕಳು ತಲೆ ತಗ್ಗಿಸಿದರು ಎಂದು ಮಾತ್ರ ನಾವಿಬ್ಬರೂ ಬರೆದುಕೊಂಡಿರಲಿಲ್ಲ. ಕಳೆದ ವರ್ಷ ರೇಡಿಯೋ ಸರದಿ ಬಂದಾಗ ಅವಳ ಅಳತೆ ಕೂಗಿದೆ. ಹೆಂಡತಿ ತಿರುಗಿ ಕೂಗಿದಳು. ಸಾಲಿನಲ್ಲಿ ಯಾರೋ ಮೂರನೆಯ ಸಲ ಕೂಗಿದರು. ನಗು ಆ ತುದಿಯಿಂದ ಈ ತುದಿಗೆ ಬಂತು. ನಾನು ಗದರಬಹುದಿತ್ತು. ಗದರಲಿಲ್ಲ. ಮನೆಯ ಹುಡುಗಿಯೆಂಬ ಸಲುಗೆಯಿಂದ, "ನಿನ್ನ ಲಂಗಕ್ಕೆ ಒಂದು ಥಾನು ಪೂರ್ತಿ ಬೇಕು ಕಣೆ" ಎಂದುಬಿಟ್ಟೆ. ತಮಾಷೆಗೆ. ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು, ಅದೇ ನನಗೆ ಈಗಲೂ ತಡೆಯಲಾಗದ್ದು. ಮರುದಿನದಿಂದ ಸ್ವೆಟರ್.

ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ. ಈ ವರ್ಷ ಸಭಾಂಗಣದ ಮೂಲೆಗೆ ಪರದೆ ಕಟ್ಟಿಕೊಂಡೆ, ಬಾಯಿ ಮುಚ್ಚಿಕೊಂಡು ನಾನೇ ಬರೆದುಕೊಂಡೆ, ಎರಡು ದಿನದ ಕೆಲಸಕ್ಕೆ ಆರು ದಿನ ಹಿಡಿಯಿತು. ಅದನ್ನೇ ಕ್ಷಮೆಯೆಂದು ಅವಳು ತಿಳಿದುಕೊಳ್ಳಲಿ ಎಂದುಕೊಂಡೆ. ಹೇಡಿಗಳ ಲೆಕ್ಕಾಚಾರ ಹೀಗೇ ಇರುತ್ತದೆ.

ಈಗ ನಿಮ್ಮ ಕೊನೆಯ ಆದೇಶದ ವಿಷಯ. ಹೋದ ವಾರ ಅಂಚೆಯವನು ರುಜು ಹಾಕಿಸಿಕೊಂಡು ಕೊಟ್ಟುಹೋದ. ಸದರಿ ಸೊಂಟದ ಇರುವಿಕೆಯನ್ನು ಶಾಲೆಯ ಸಭಾಂಗಣದಲ್ಲಿ, ಸಮಿತಿ ಹಾಗೂ ಸಹಪಾಠಿಗಳ ಸಮಕ್ಷಮದಲ್ಲಿ ಅಳೆದು ದೃಢೀಕರಿಸತಕ್ಕದ್ದು. ಅಳತೆಯನ್ನು, ಶಾಲೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಜಾರಿಯಲ್ಲಿರುವ ಉತ್ತಮ ಪದ್ಧತಿಯಂತೆ, ಗಟ್ಟಿಯಾಗಿ ಕೂಗಿ, ಮರುಕೂಗಿನಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಅಧಿಕೃತ ಅಳತೆಗಾರರನ್ನಾಗಿ ತಮ್ಮನ್ನು ನೇಮಿಸಲಾಗಿದೆ. ತಮ್ಮನ್ನು ಎಂದರೆ ನನ್ನನ್ನು! ಇಡೀ ಆದೇಶದಲ್ಲಿ ನಿಮ್ಮ ಘಟಕ ಯಾರಿಂದಲೋ ಕಲಿತದ್ದು ಒಂದೇ ಒಂದು ವಿಷಯ, ಅದೂ ನನ್ನಿಂದಲೇ.

ಆದೇಶವನ್ನು ರೇಡಿಯೋ ಓದಿದಳು. ಎದ್ದು ಸ್ವೆಟರ್ ಕಳಚಿ ಮಡಿಸಿಟ್ಟಳು. ಅಂಗಡಿಯ ನಡುವೆ ನಿಂತು ಎರಡೂ ಕೈ ಮೇಲೆತ್ತಿ ಕಣ್ಣು ಮುಚ್ಚಿಕೊಂಡಳು. ಅಳತೆ ಕೊಡುವಾಗ ಮಕ್ಕಳೆಲ್ಲ ನಿಲ್ಲುವುದು ಹಾಗೆಯೇ.

"ಅಳತೆ ತಗೋ ಮಾವ. ಅಲ್ಲಿ ಹೇಗಿರುತ್ತೋ ಇಲ್ಲೇ ಅಭ್ಯಾಸ ಆಗ್ಲಿ. ನೋಟ್‌ಬುಕ್ ಬರುತ್ತಲ್ಲ."

ನಾನು ಟೇಪನ್ನು ಸುತ್ತಿ ಯಂತ್ರದ ಮೇಲಿಟ್ಟೆ. "ಕೈ ಇಳಿಸು ಮಗಾ" ಎಂದೆ. "ಅವತ್ತು ಹಾಗೆ ಕೂಗಬಾರದಿತ್ತು. ಆ ತಮಾಷೇನೂ ಮಾಡಬಾರದಿತ್ತು. ತಪ್ಪಾಯ್ತು."

ಅವಳು ಕಣ್ಣು ತೆರೆದಳು, ಕೈ ಮಾತ್ರ ಇಳಿಸಲಿಲ್ಲ. "ಹಾಗಾದ್ರೆ ನೋಟ್‌ಬುಕ್?"

"ಅವರಿಗೆ ಪತ್ರ ಬರೀತೀನಿ. ಪೇಪರಿಗೇ ಕೊಡ್ತೀನಿ."

"ನೀನಾ? ಹೊಲಿಗೆ ರಸೀದಿ ಬಿಟ್ಟು ಬೇರೆ ಏನಾದ್ರೂ ಬರ್ದಿದ್ದೀಯಾ ನೀನು?" ಎಂದಳು. ರೇಡಿಯೋ ಸ್ವಲ್ಪ ಕರಕರ ಎಂದಿತು. ಆಮೇಲೆ ಕೈ ಇಳಿಸಿದಳು.

ಆದ್ದರಿಂದ ನನ್ನ ಬೇಡಿಕೆ ಕೇಳಿ. ನಿಮ್ಮ ಅಳತೆಗಾರನ ಹುದ್ದೆ ನನಗೆ ಬೇಡ, ಯಾರಿಗೂ ಕೊಡಬೇಡಿ. ಸೀಲ್ ಮಾಡಿದ ಲಕೋಟೆಯನ್ನು ಹಾಗೆಯೇ, ಒಂದು ಪದವನ್ನೂ ತಿದ್ದದೆ, ಆ ಓರೆ ಕೂತ ಗುಮಾಸ್ತರ ಕೈಯಲ್ಲಿ ಕಳಿಸಿಕೊಡಿ. ಅವರ ಶರ್ಟ್ ಸಿದ್ಧವಾಗಿದೆ. ಅವರಿಗೆ ಕೈಯಿಲ್ಲದ ಕುರ್ಚಿಯೊಂದನ್ನು ಕೊಡಿ. ತಕ್ಕಡಿಯನ್ನು ತರಕಾರಿ ಅಂಗಡಿಗೆ ಕೊಡಿ. ಇನ್ನು ಮುಂದೆ ಮಕ್ಕಳು ಬರೆದದ್ದನ್ನು ಕೊನೆಯ ಪುಟದವರೆಗೆ ಓದುವವರನ್ನು ಮಾತ್ರ ಸಮಿತಿಗೆ ಹಾಕಿ. ಅಕಸ್ಮಾತ್ ನೀವು ಆ ಕೊನೆಯ ಪುಟ ಓದಿದ್ದರೆ, ಸೊಂಟ ಮನೆಗೆ ಬಂತೋ ಇಲ್ಲವೋ ನನಗೆ ಹೇಳಬೇಡಿ. ಅದನ್ನು ಅವಳ ಅಕ್ಷರದಲ್ಲೇ ಓದಬೇಕು, ಬೈದಿದ್ದರೂ ಸರಿ.

ಕಡತದಲ್ಲಿ ಕಾಣೆಯಾದ ಸೊಂಟದ ಜಾಗ ಖಾಲಿ ಬಿಡುವಂತಿಲ್ಲ, ಏನಾದರೂ ತುಂಬಲೇಬೇಕು ಎನ್ನುವುದಾದರೆ, ನನ್ನದನ್ನು ಬರೆದುಕೊಳ್ಳಿ. ಈ ಪತ್ರದ ತಪ್ಪುಗಳನ್ನು ತಿದ್ದಿದವಳು ರೇಡಿಯೋ. ಕೆಳಗೆ ನಾನು ಮೂವತ್ತೆಂಟು ಇಂಚು ಎಂದು ಬರೆದಿದ್ದೆ. ಅವಳು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, "ಎದ್ದೇಳು ಮಾವ, ಕೈ ಎತ್ತು" ಎಂದಳು. ಟೇಪು ಸುತ್ತಿದಳು. ನನ್ನ ಹೆಂಡತಿ ಆಗಲೇ ಪುಸ್ತಕ ತೆರೆದು, ತಿರುಗಿ ಕೂಗಲು ಗಂಟಲು ಸರಿಮಾಡಿಕೊಂಡು ಕೂತಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ರೇಡಿಯೋ ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಂತೆ, ಕಿವಿಯಲ್ಲಿ ಹೇಳಿದಳು.

ಅವಳು ಯಾರಿಗೂ ಹೇಳಿಲ್ಲ. ಕೂಗುತ್ತಿರುವವನು ನಾನೇ.

ಇಂತಿ,
ಸೊಂಟ ನಲವತ್ತೊಂದೂವರೆ,
ಮತ್ತೊಮ್ಮೆ, ನಲವತ್ತೊಂದೂವರೆ,
ಶಾಲೆಯ ಹಿಂದಿನ ಬೀದಿಯ ಟೈಲರ್